ಕಾರ್ಡೋಮಾ: ಮೊದಲ ಸೂಜಿಗೂ ಮುಂಚೆ ಗೊತ್ತಿರಬೇಕಾದ ಸಂಗತಿಗಳು

ಬೆನ್ನಿನ ಬುಡದಲ್ಲೋ ತಲೆಬುರುಡೆಯ ತಳದಲ್ಲೋ ಗಡ್ಡೆ ಇದೆ, ಕಾರ್ಡೋಮಾ ಇರಬಹುದು ಎಂದು ಎಂಆರ್‌ಐ ರಿಪೋರ್ಟ್ ಬಂದ ದಿನ ಮನೆಯವರು ಹತ್ತಿರದ ಆಸ್ಪತ್ರೆಗೆ ಓಡಿ "ಬೇಗ ತೆಗೆದುಬಿಡಿ ಡಾಕ್ಟ್ರೇ" ಅನ್ನುತ್ತಾರೆ. ಈ ಕಾಯಿಲೆಯಲ್ಲಿ ಅದೊಂದನ್ನು ಮಾಡಬಾರದು. ಕಾರ್ಡೋಮಾ ಬಹುಪಾಲು ನಿಧಾನವಾಗಿ ಬೆಳೆಯುವ ಕ್ಯಾನ್ಸರ್. ಕೈಕಾಲಿನ ಬಲ, ನುಂಗುವುದು, ಮಲಮೂತ್ರದ ಹಿಡಿತ ಇವೆಲ್ಲ ಸರಿಯಾಗಿದ್ದರೆ ಸರಿಯಾದ ತಂಡ ಹುಡುಕಲು ಎರಡು ಮೂರು ವಾರ ಹಿಡಿದರೂ ಸಾಮಾನ್ಯವಾಗಿ ನಷ್ಟವಿಲ್ಲ. ತಪ್ಪು ದಾರಿಯಿಂದ ಚುಚ್ಚಿದ ಬಯಾಪ್ಸಿ (ಪರೀಕ್ಷೆಗೆ ಗಡ್ಡೆಯ ತುಂಡು ತೆಗೆಯುವುದು), ಅರ್ಧ ಕೆರೆದು ಬಿಟ್ಟ ಆಪರೇಷನ್ ಮಾಡುವ ನಷ್ಟವನ್ನು ಮಾತ್ರ ಆಮೇಲೆ ಯಾರೂ ಪೂರ್ತಿ ತುಂಬಿಕೊಡಲಾರರು. ಈ ಬರಹ ಮುಖ್ಯವಾಗಿ ಯಾವುದಾದ ಮೇಲೆ ಯಾವುದು ಎಂಬ ಕ್ರಮದ ಬಗ್ಗೆ.

ಏನಿದು, ಎಲ್ಲಿಂದ ಬರುತ್ತದೆ

ತಾಯಿಯ ಗರ್ಭದಲ್ಲಿ ಭ್ರೂಣಕ್ಕೆ ಬೆನ್ನುಮೂಳೆ ಮೂಡುವ ಮುನ್ನ ನಡುಬೆನ್ನಿನುದ್ದಕ್ಕೂ ಒಂದು ಮೆತ್ತನೆಯ ದಂಡವಿರುತ್ತದೆ. ಅದರ ಹೆಸರು ನೋಟೋಕಾರ್ಡ್. ಮೂಳೆ ಬಂದ ಮೇಲೆ ಅದು ಕರಗಿ, ಮುಖ್ಯವಾಗಿ ಡಿಸ್ಕ್‌ಗಳ ಒಳಗಿನ ಲೋಳೆಯಾಗಿ ಉಳಿಯುತ್ತದೆ. ಕೆಲವರಲ್ಲಿ ಅದರ ಚೂರುಗಳು ಮೂಳೆಯೊಳಗೇ ಉಳಿದುಬಿಡುತ್ತವೆ. ಅಂಥ ಚೂರಿನಿಂದ ಎಷ್ಟೋ ದಶಕಗಳ ನಂತರ ಹುಟ್ಟುವ ಗಡ್ಡೆಯೇ ಕಾರ್ಡೋಮಾ. ಹಾಗಾಗಿ ಅದು ಕಾಣಿಸಿಕೊಳ್ಳುವುದು ದೇಹದ ನಡುಗೆರೆಯ ಮೇಲೆ: ತಲೆಬುರುಡೆಯ ತಳದ ಕ್ಲೈವಸ್ ಎಂಬ ಮೂಳೆಯಲ್ಲಿ, ಕುತ್ತಿಗೆಯಿಂದ ಸೊಂಟದವರೆಗಿನ ಕಶೇರುಗಳಲ್ಲಿ (ಬೆನ್ನುಮೂಳೆಯ ಬಿಡಿ ಮೂಳೆಗಳು), ಇಲ್ಲವೇ ಸೊಂಟದ ಕೆಳಗಿನ ತ್ರಿಕಾಸ್ಥಿ ಮತ್ತು ಬಾಲಮೂಳೆಯಲ್ಲಿ. ಅಮೆರಿಕದ ಕ್ಯಾನ್ಸರ್ ದಾಖಲೆಗಳಲ್ಲಿ ಈ ಮೂರು ಜಾಗಗಳ ಪಾಲು ಹೆಚ್ಚುಕಡಿಮೆ ಸಮ. ಪ್ರತಿ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ. ಒಬ್ಬ ಮೂಳೆ ವೈದ್ಯರು ತಮ್ಮ ಇಡೀ ವೃತ್ತಿಯಲ್ಲಿ ಒಂದನ್ನೂ ನೋಡದಿರಬಹುದು. ಅದು ಅವರ ತಪ್ಪಲ್ಲ.

ಹೆಚ್ಚಾಗಿ 40ರಿಂದ 70ರ ವಯಸ್ಸಿನವರಿಗೆ, ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು. ತಲೆಬುರುಡೆಯ ಕಾರ್ಡೋಮಾ ಇನ್ನೂ ಚಿಕ್ಕ ವಯಸ್ಸಿನಲ್ಲಿ ಬರುವುದುಂಟು, ಮಕ್ಕಳಲ್ಲೂ ಅಪರೂಪಕ್ಕೆ. ಜರ್ಮನಿಯ ರೋಗಶಾಸ್ತ್ರಜ್ಞ ವಿರ್ಕೋ 1857ರಲ್ಲಿ ಇದರ ಗುಳ್ಳೆಗುಳ್ಳೆಯಾದ ಕೋಶಗಳನ್ನು ವಿವರಿಸಿದರು. ಕಾರ್ಡೋಮಾ ಎಂಬ ಹೆಸರು 1894ರಲ್ಲಿ ರಿಬ್ಬರ್ಟ್ ಇಟ್ಟದ್ದು. ಬಾಲಮೂಳೆಯ ಮೇಲೆ ಬಿದ್ದದ್ದರಿಂದ ಬಂತು, ಬೈಕ್ ಓಡಿಸಿ ಬಂತು ಎಂದು ಮನೆಗಳಲ್ಲಿ ಮಾತು ಬರುತ್ತದೆ. ಹಾಗಲ್ಲ. ಬಿದ್ದ ನೆಪದಲ್ಲಿ ಸ್ಕ್ಯಾನ್ ಮಾಡಿಸಿದಾಗ ಆಗಲೇ ಇದ್ದ ಗಡ್ಡೆ ಕಂಡಿರುತ್ತದೆ, ಅಷ್ಟೇ. ಊಟಕ್ಕೂ ಇದಕ್ಕೂ ಸಂಬಂಧ ಕಂಡಿಲ್ಲ. ಅಂಟುವ ರೋಗವಲ್ಲ. ಒಂದೇ ಮನೆತನದಲ್ಲಿ ಹಲವರಿಗೆ ಬಂದ ಉದಾಹರಣೆ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಇವೆ. ನಿಮಗೆ ಬಂದದ್ದು ನಿಮ್ಮ ಮಕ್ಕಳಿಗೂ ಬರುತ್ತದೆಂದು ಹೆದರಬೇಕಾಗಿಲ್ಲ.

ಲಕ್ಷಣಗಳು ದಾರಿ ತಪ್ಪಿಸುವ ಬಗೆ

ತ್ರಿಕಾಸ್ಥಿಯದ್ದು ಎಲ್ಲಕ್ಕಿಂತ ಮೋಸದ್ದು. ಅಲ್ಲಿ ಹೊಟ್ಟೆಯ ಕಡೆಗೆ ಖಾಲಿ ಜಾಗ ಬೇಕಾದಷ್ಟಿರುವುದರಿಂದ ಗಡ್ಡೆ ಸದ್ದಿಲ್ಲದೆ 10 ಸೆಂಟಿಮೀಟರ್ ದಾಟಿಬಿಡಬಹುದು. ಮೊದಲು ಕೂತಾಗ ಬಾಲಮೂಳೆಯ ನೋವು, ನಿಂತರೆ ಕಡಿಮೆ. ಆಮೇಲೆ ಮಲಬದ್ಧತೆ, ಮೂತ್ರ ಶುರುವಾಗಲು ತಡ, ಕುಂಡಿ ಮತ್ತು ತೊಡೆಯ ಸಂದು ಜೋಮು. ರೋಗಿ ಮೂಲವ್ಯಾಧಿ ಎಂದು ಒಬ್ಬರ ಬಳಿ, ಸಯಾಟಿಕಾ ಎಂದು ಇನ್ನೊಬ್ಬರ ಬಳಿ, ಪ್ರೋಸ್ಟೇಟ್ ಎಂದು ಮತ್ತೊಬ್ಬರ ಬಳಿ ಹೋಗಿ, ನಡುವೆ ಎಣ್ಣೆ ತಿಕ್ಕಿಸಿಕೊಂಡು, ವರ್ಷ ಕಳೆದಿರುತ್ತದೆ. ಎಕ್ಸ್‌ರೇಯಲ್ಲಿ ಕರುಳಿನ ಗಾಳಿ ತ್ರಿಕಾಸ್ಥಿಯನ್ನು ಮುಚ್ಚಿಹಾಕುತ್ತದೆ. ಕೈಗವಸು ಹಾಕಿದ ಬೆರಳಿನಿಂದ ಗುದದ್ವಾರದ ಪರೀಕ್ಷೆ ಮಾಡಿದರೆ ಹಿಂದುಗಡೆ ಗಟ್ಟಿಯಾದ ಉಬ್ಬು ಎಷ್ಟೋ ಸಲ ಬೆರಳಿಗೆ ಸಿಗುತ್ತದೆ, ಆದರೆ ಸಂಕೋಚದಿಂದ ಆ ಪರೀಕ್ಷೆಯೇ ನಡೆದಿರುವುದಿಲ್ಲ.

ಎಂಆರ್‌ಐ ಮಾಡಿಸಿದರೂ ಗಡ್ಡೆ ತಪ್ಪಿಹೋಗುವುದುಂಟು. ಸೊಂಟನೋವಿಗೆ ಬರೆಯುವ ಎಂಆರ್‌ಐ ಸೊಂಟದ ಐದು ಕಶೇರುಗಳಿಗಾಗಿ. ಅದರ ಅಡ್ಡ ಚಿತ್ರಗಳು ಸಾಮಾನ್ಯವಾಗಿ ಐದನೇ ಕಶೇರು ಮತ್ತು ತ್ರಿಕಾಸ್ಥಿ ಸೇರುವಲ್ಲಿಗೇ ಮುಗಿಯುತ್ತವೆ, ಉದ್ದ ಚಿತ್ರವೂ ತ್ರಿಕಾಸ್ಥಿಯ ಎರಡನೇ ಮೂರನೇ ತುಂಡಿನಲ್ಲಿ ಕತ್ತರಿಸಿಹೋಗಿರಬಹುದು. ಗಡ್ಡೆ ಕೂತಿರುವುದು ಅದರ ಕೆಳಗೆ! ಮೇಲೆ ಸೊಂಟದಲ್ಲಿ ಸಣ್ಣ ಡಿಸ್ಕ್ ಉಬ್ಬು ಕಂಡರೆ, 50 ದಾಟಿದ ಬಹಳಷ್ಟು ಜನರಲ್ಲಿ ಅದು ಇರುತ್ತದೆ, ನೋವಿಗೆ ಅದೇ ಕಾರಣ ಎಂದು ಫೈಲ್ ಮುಚ್ಚಿಹೋಗುತ್ತದೆ. ಕೂತರೆ ಬಾಲಮೂಳೆ ನೋಯುತ್ತದೆ, ಜತೆಗೆ ಮಲಮೂತ್ರದ ತೊಂದರೆ ಶುರುವಾಗಿದೆ ಎಂದಾದರೆ "ತ್ರಿಕಾಸ್ಥಿ ಮತ್ತು ಬಾಲಮೂಳೆ ತುದಿಯವರೆಗೆ ಬರುವ ಹಾಗೆ ಎಂಆರ್‌ಐ ಮಾಡಿ" ಎಂದು ಬಾಯಿಬಿಟ್ಟು ಕೇಳಿ. ಹಳೆಯ ಫಿಲ್ಮ್ ಮನೆಯಲ್ಲಿದ್ದರೆ ಕೊನೆಯ ಮೂಳೆ ಅದರಲ್ಲಿ ಬಂದಿದೆಯೇ ಎಂದು ನೋಡಿಸಿ.

ತಲೆಬುರುಡೆಯ ತಳದ್ದಾದರೆ ತಲೆನೋವು ಮತ್ತು ಎರಡೆರಡು ಕಾಣುವುದು ಮೊದಲ ಸೂಚನೆ. ಕಣ್ಣನ್ನು ಹೊರಗಡೆಗೆ ತಿರುಗಿಸುವ ಆರನೇ ನರ ಕ್ಲೈವಸ್‌ಗೆ ಅಂಟಿಕೊಂಡೇ ಹೋಗುತ್ತದೆ. ಅದು ಒತ್ತಿಕೊಂಡಾಗ ದೂರ ನೋಡುವಾಗ, ಪಕ್ಕಕ್ಕೆ ನೋಡುವಾಗ ಚಿತ್ರಗಳು ಅಕ್ಕಪಕ್ಕ ಎರಡಾಗುತ್ತವೆ. ಒಂದು ಕಣ್ಣು ಮುಚ್ಚಿದರೆ ಒಂದಾಗುತ್ತವೆ. ಕನ್ನಡಕ ಬದಲಿಸಿ ಪ್ರಯೋಜನವಿಲ್ಲ. ಮುಖ ಜೋಮು, ದನಿ ಒಡೆಯುವುದು, ನೀರು ಕುಡಿದರೆ ನೆತ್ತಿಗೇರುವುದು, ನಾಲಿಗೆ ಒಂದು ಕಡೆ ಸೊರಗುವುದು ಗಡ್ಡೆ ಕೆಳಗೆ ಹರಡಿದಾಗ ಬರುತ್ತವೆ. ಕುತ್ತಿಗೆ ಮತ್ತು ಬೆನ್ನಿನ ಕಶೇರುಗಳದ್ದಾದರೆ ರಾತ್ರಿಯೂ ಬಿಡದ ನೋವು, ಆಮೇಲೆ ಕೈಕಾಲಿನ ಬಲ ಕಡಿಮೆಯಾಗುವುದು.

ಕಾಯಬಾರದ ಸಂದರ್ಭಗಳೂ ಇವೆ. ಮೂತ್ರ ಇದ್ದಕ್ಕಿದ್ದ ಹಾಗೆ ಕಟ್ಟಿದರೆ, ಕುಂಡಿಯ ಸುತ್ತ ಸ್ಪರ್ಶವೇ ಹೋದರೆ, ಕಾಲು ಎತ್ತಲಾಗದಿದ್ದರೆ, ನುಂಗಿದ್ದೆಲ್ಲ ಶ್ವಾಸನಾಳಕ್ಕೆ ಹೋಗುತ್ತಿದ್ದರೆ ಅದೇ ದಿನ ನರಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಸ್ಕ್ಯಾನ್ ರಿಪೋರ್ಟ್ ಓದುವುದು

ಬೇಕಾದದ್ದು ಎರಡೂ: ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ದ್ರವ) ಹಾಕಿದ ಎಂಆರ್‌ಐ ಮತ್ತು ತೆಳು ಪದರದ ಸಿಟಿ. ಎಂಆರ್‌ಐ ಗಡ್ಡೆಯ ಅಂಚನ್ನೂ ನರಗಳನ್ನೂ ತೋರಿಸುತ್ತದೆ, ಸಿಟಿ ಮೂಳೆ ಎಷ್ಟು ತಿಂದುಹೋಗಿದೆ ಎಂಬುದನ್ನು. ಕಾರ್ಡೋಮಾ ಮೂಳೆಯೊಳಗೆ ಲೋಳೆಸರದ ತಿರುಳಿನಂತಿರುತ್ತದೆ, ನೀರಿನಂಶ ಜಾಸ್ತಿ. ಎಂಆರ್‌ಐಯಲ್ಲಿ ಟಿ1, ಟಿ2 ಎಂದು ಎರಡು ಬಗೆಯ ಚಿತ್ರಗಳಿರುತ್ತವೆ; ನೀರಿನಂಶದಿಂದಾಗಿ ಇದು ಟಿ2 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಟಿ1ರಲ್ಲಿ ಮಂಕು. ವಯಸ್ಕರ ಕ್ಲೈವಸ್‌ನಲ್ಲಿ ಕೊಬ್ಬಿನ ಮಜ್ಜೆ ಇರುವುದರಿಂದ ಟಿ1ರಲ್ಲಿ ಬೆಳ್ಳಗಿರಬೇಕು. ಅಲ್ಲಿ ಕಪ್ಪಾಗಿದ್ದರೆ ಅನುಮಾನ. ಉದ್ದ ಚಿತ್ರದಲ್ಲಿ ಗಡ್ಡೆ ಹಿಂದಕ್ಕೆ ಹೆಬ್ಬೆರಳಿನ ಹಾಗೆ ಚಾಚಿ ಮಿದುಳಕಾಂಡವನ್ನು ಒತ್ತುವುದನ್ನು ರೇಡಿಯಾಲಜಿಸ್ಟರು ವಿಶೇಷವಾಗಿ ಗುರುತಿಸುತ್ತಾರೆ.

ಹೀಗೆ ಕಾಣುವುದೆಲ್ಲ ಕಾರ್ಡೋಮಾ ಅಲ್ಲ. ಕ್ಲೈವಸ್ ಪಕ್ಕಕ್ಕೆ ಸರಿದು ಕೂತಿದ್ದರೆ ಕಾಂಡ್ರೋಸಾರ್ಕೋಮಾ (ಮೃದ್ವಸ್ಥಿಯ ಕ್ಯಾನ್ಸರ್) ಇರಬಹುದು. ಅದರ ಭವಿಷ್ಯ ಇದಕ್ಕಿಂತ ಒಳ್ಳೆಯದು. ತ್ರಿಕಾಸ್ಥಿಯಲ್ಲಿ ಜೈಂಟ್ ಸೆಲ್ ಗಡ್ಡೆ, ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್), ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಸಾಧ್ಯ. ನಮ್ಮ ದೇಶದಲ್ಲಿ ಇನ್ನೊಂದು ಇದ್ದೇ ಇರುತ್ತದೆ: ಬೆನ್ನುಮೂಳೆಯ ಟಿಬಿ. ಟಿಬಿ ಸಾಮಾನ್ಯವಾಗಿ ಡಿಸ್ಕನ್ನೂ ಅದರ ಮೇಲೆ ಕೆಳಗಿನ ಎರಡು ಕಶೇರುಗಳನ್ನೂ ಒಟ್ಟಿಗೆ ಹಿಡಿಯುತ್ತದೆ, ಸುತ್ತ ಕೀವು ಕಟ್ಟುತ್ತದೆ. ಬಯಾಪ್ಸಿ ಇಲ್ಲದೆ, ಟಿಬಿ ಇರಬಹುದು ಎಂಬ ಅಂದಾಜಿನ ಮೇಲೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸಿ ನೋಡುವ ಕ್ರಮಕ್ಕೆ, ಚಿತ್ರ ಟಿಬಿಗೆ ಒಪ್ಪುವಂತಿಲ್ಲದಿದ್ದರೆ, ಒಪ್ಪಬೇಡಿ. ತೆಗೆದ ಅಂಗಾಂಶದ ಒಂದು ಭಾಗವನ್ನು ಪ್ಯಾಥಾಲಜಿಗೂ ಇನ್ನೊಂದನ್ನು ಟಿಬಿಯ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ ಕಳಿಸಬಹುದು.

ನೋಟೋಕಾರ್ಡಿನ ನಿರುಪದ್ರವಿ ಉಳಿಕೆಗಳೂ ಉಂಟು. ಇವು ಟಿ2ರಲ್ಲಿ ಬೆಳ್ಳಗೇ ಕಾಣುತ್ತವೆ, ಆದರೆ ಸಿಟಿಯಲ್ಲಿ ಮೂಳೆ ತಿಂದುಹೋಗಿರುವುದಿಲ್ಲ, ಮೂಳೆಯಾಚೆ ಗಡ್ಡೆ ಚಾಚಿರುವುದಿಲ್ಲ, ಕಾಂಟ್ರಾಸ್ಟನ್ನು ಬಹುತೇಕ ಹೀರಿಕೊಳ್ಳುವುದಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಇಂಥದ್ದು ಕಂಡರೆ ಆಪರೇಷನ್ ಬೇಡ. ಆಗಾಗ ಎಂಆರ್‌ಐ ಮಾಡಿ ನೋಡಿಕೊಂಡರೆ ಸಾಕು.

ಕಾರ್ಡೋಮಾ ಅನುಮಾನ ಗಟ್ಟಿಯಾದರೆ ಇಡೀ ಬೆನ್ನಿನ ಎಂಆರ್‌ಐ ಮತ್ತು ಎದೆ, ಹೊಟ್ಟೆಯ ಸಿಟಿ ಕೂಡ ಆಗಬೇಕು. ಹೊರಬರುವಾಗ ಫಿಲ್ಮ್ ಹಾಳೆಯ ಜತೆಗೆ ಡೈಕಾಮ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ಫೈಲ್‌ಗಳಿರುವ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಇನ್ನೊಬ್ಬ ಸರ್ಜನ್ ಅಭಿಪ್ರಾಯ ಕೊಡಬೇಕಾದರೆ ಅದೇ ಬೇಕು; ಫಿಲ್ಮಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ನರದ ಅಂಚು ಯಾರಿಗೂ ಕಾಣುವುದಿಲ್ಲ.

ಬಯಾಪ್ಸಿ: ಇಲ್ಲಿ ನಿಧಾನಿಸಿ

ಕಾರ್ಡೋಮಾದ ಕೋಶಗಳು ಚೆಲ್ಲಿದ ಜಾಗದಲ್ಲಿ ಬೇರು ಬಿಡುತ್ತವೆ. ಸೂಜಿ ಹೋದ ದಾರಿಯಲ್ಲೂ ಬಿಡುತ್ತವೆ. ಆದ್ದರಿಂದ ತ್ರಿಕಾಸ್ಥಿ ಗಡ್ಡೆಗೆ ಬಯಾಪ್ಸಿ ಮಾಡುವಾಗ ಸೂಜಿ ಹಿಂದಿನಿಂದ, ನಡುಗೆರೆಗೆ ಹತ್ತಿರವಾಗಿ, ಮುಂದೆ ಆಪರೇಷನ್ನಿನಲ್ಲಿ ಚರ್ಮದ ಸಮೇತ ಕತ್ತರಿಸಿ ತೆಗೆಯುವ ದಾರಿಯಲ್ಲೇ ಹೋಗಬೇಕು. ಗುದನಾಳದ ಮೂಲಕ ಚುಚ್ಚಲೇಬಾರದು. ಬೆರಳಿಗೆ ಸಿಗುತ್ತದಲ್ಲ, ಅಲ್ಲಿಂದಲೇ ತೆಗೆದುಬಿಡೋಣ ಎಂಬ ಸುಲಭದ ಯೋಚನೆ ಯಾರಿಗಾದರೂ ಬರುತ್ತದೆ. ಹಾಗೆ ಚುಚ್ಚಿದರೆ ಗಡ್ಡೆಗೂ ಗುದನಾಳಕ್ಕೂ ನಡುವೆ ಗೋಡೆಯಂತಿದ್ದ ಪೊರೆ ಒಡೆದು, ಆಮೇಲೆ ಗಡ್ಡೆಯ ಜತೆ ಗುದನಾಳವನ್ನೂ ತೆಗೆದು ಜೀವನಪೂರ್ತಿ ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಳ್ಳಬೇಕಾದೀತು.

ಕ್ರಮ ಹೀಗಿರಲಿ. ಮೊದಲು ಆಪರೇಷನ್ ಮಾಡಲಿರುವ ಸರ್ಜನ್ ಯಾರೆಂದು ನಿರ್ಧಾರವಾಗಬೇಕು. ಸೂಜಿ ಎಲ್ಲಿಂದ ಹೋಗಬೇಕೆಂದು ಅವರು ಗುರುತು ಹಾಕಿಕೊಡಬೇಕು. ಆಮೇಲೆ ಅದೇ ಆಸ್ಪತ್ರೆಯ ರೇಡಿಯಾಲಜಿಸ್ಟ್ ಸಿಟಿ ನೋಡಿಕೊಂಡು ಕೋರ್ ಸೂಜಿಯಿಂದ ಕಡ್ಡಿಯಂಥ ತುಂಡುಗಳನ್ನು ತೆಗೆಯಬೇಕು. ಸಣ್ಣ ಸೂಜಿಯಲ್ಲಿ ಬಿಡಿ ಕೋಶಗಳನ್ನು ಎಳೆದು ನೋಡುವ ಎಫ್‌ಎನ್‌ಎಸಿ ಇದಕ್ಕೆ ಸಾಲದು. ಚುಚ್ಚಿದ ಜಾಗಕ್ಕೆ ಅಳಿಸದ ಗುರುತು ಇರಲಿ, ತಿಂಗಳಾದ ಮೇಲೆ ಗಾಯದ ಕಲೆ ಹುಡುಕಿದರೂ ಸಿಗುವುದಿಲ್ಲ. ತಲೆಬುರುಡೆಯ ತಳದ ಗಡ್ಡೆಗೆ ಪ್ರತ್ಯೇಕ ಬಯಾಪ್ಸಿ ಬೇಕೆಂದಿಲ್ಲ. ಚಿತ್ರ ಸ್ಪಷ್ಟವಿದ್ದರೆ ಮೂಗಿನ ಮೂಲಕ ಆಪರೇಷನ್ ಮಾಡುವಾಗಲೇ ತುಂಡು ತೆಗೆದು ನೋಡುತ್ತಾರೆ.

ಪ್ಯಾಥಾಲಜಿ ರಿಪೋರ್ಟಿನಲ್ಲಿ ನೋಡಬೇಕಾದ ಒಂದು ಪದ ಬ್ರಾಕಿಯೂರಿ. ನೋಟೋಕಾರ್ಡಿಗೆ ರೂಪ ಕೊಡುವ ಪ್ರೋಟೀನ್ ಇದು; ಬೇರೆ ಮೂಳೆ ಗಡ್ಡೆಗಳಲ್ಲಿ ಬಹುತೇಕ ಸಿಗದು, ಕಾರ್ಡೋಮಾದಲ್ಲಿ ಸಿಗುತ್ತದೆ. ಸೈಟೋಕೆರಾಟಿನ್, ಇಎಂಎ, ಎಸ್100 ಎಂಬ ಬೇರೆ ಪ್ರೋಟೀನುಗಳು ಪಾಸಿಟಿವ್ ಎಂದಷ್ಟೇ ಬರೆದು ಬ್ರಾಕಿಯೂರಿ ಮಾಡಿರದಿದ್ದರೆ ಮಾಡಿಸಿ ಎಂದು ಕೇಳಿ. ಎರಡನೆಯದು ಗಡ್ಡೆಯ ಬಗೆ. ಬಹುಪಾಲು ಸಾಂಪ್ರದಾಯಿಕ ಬಗೆ. ಕಾಂಡ್ರಾಯ್ಡ್ ಎಂದು ಬರೆದಿದ್ದರೂ ಅದರಲ್ಲೇ ಸೇರುತ್ತದೆ. ಡಿಡಿಫರೆನ್ಷಿಯೇಟೆಡ್ ಬಗೆ ವೇಗವಾಗಿ ಬೆಳೆಯುತ್ತದೆ. ಪೂರ್‌ಲಿ ಡಿಫರೆನ್ಷಿಯೇಟೆಡ್ ಎಂಬುದು ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಎಳೆಯರಲ್ಲಿ ಬರುತ್ತದೆ, ಅದರಲ್ಲಿ ಐಎನ್‌ಐ1 ಎಂಬ ಪ್ರೋಟೀನ್ ಕಾಣೆಯಾಗಿರುತ್ತದೆ. ಮೇಲೆ ಹೇಳಿದ "ಎರಡು ಮೂರು ವಾರ ನಡೆಯುತ್ತದೆ" ಎಂಬ ಮಾತು ಈ ಎರಡು ಬಗೆಗಳಿಗೆ ಅನ್ವಯಿಸುವುದಿಲ್ಲ.

ರೋಗವೇ ಅಪರೂಪವಾದ್ದರಿಂದ ಇನ್ನೊಬ್ಬ ಪ್ಯಾಥಾಲಜಿಸ್ಟರ ಕಣ್ಣು ಬೀಳುವುದು ಒಳ್ಳೆಯದು. ಅದಕ್ಕೆ ಸ್ಲೈಡ್‌ಗಳ ಜತೆ ಮೇಣದ ಬ್ಲಾಕನ್ನೂ (ತೆಗೆದ ತುಂಡನ್ನು ಹುದುಗಿಸಿಟ್ಟ ಮೇಣದ ಅಚ್ಚು) ಲ್ಯಾಬಿನಿಂದ ಕೇಳಿ ಪಡೆಯಬಹುದು. ಬ್ಲಾಕ್ ಇದ್ದರೆ ಹೊಸ ಪರೀಕ್ಷೆ ಮಾಡಿಸಬಹುದು, ಮತ್ತೆ ಚುಚ್ಚಬೇಕಾಗಿಲ್ಲ. ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಮೇಣ ಕರಗುತ್ತದೆ.

ತಂಡ ಆರಿಸುವಾಗ ಕೇಳಬೇಕಾದದ್ದು

ಒಬ್ಬ ಸರ್ಜನ್ನಿನಿಂದ ಆಗುವ ಕೆಲಸವಲ್ಲ ಇದು. ತ್ರಿಕಾಸ್ಥಿಗೆ ಮೂಳೆ ಕ್ಯಾನ್ಸರ್ ಅಥವಾ ಬೆನ್ನುಮೂಳೆಯ ಸರ್ಜನ್, ಕರುಳಿನ ಸರ್ಜನ್, ಪ್ಲಾಸ್ಟಿಕ್ ಸರ್ಜನ್ ಬೇಕು. ತಲೆಬುರುಡೆಗೆ ನರಶಸ್ತ್ರಚಿಕಿತ್ಸಕರ ಜತೆ ಮೂಗಿನ ಎಂಡೋಸ್ಕೋಪಿ ಮಾಡುವ ಇಎನ್‌ಟಿ ಸರ್ಜನ್. ಎರಡೂ ತಂಡಗಳ ಜತೆ ಪ್ರೋಟಾನ್ (ರೇಡಿಯೇಷನ್ನಿನ ಒಂದು ಬಗೆ) ಗೊತ್ತಿರುವ ರೇಡಿಯೇಷನ್ ವೈದ್ಯರೂ ಇರಬೇಕು, ಅದೂ ಆಪರೇಷನ್ನಿಗೆ ಮುಂಚೆಯೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ನರಶಸ್ತ್ರಚಿಕಿತ್ಸೆಗೆ, ಕಿದ್ವಾಯಿ ಕ್ಯಾನ್ಸರ್ ಚಿಕಿತ್ಸೆಗೆ ಸರ್ಕಾರಿ ವಲಯದ ದೊಡ್ಡ ಸಂಸ್ಥೆಗಳು; ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಮೂಳೆ ಗಡ್ಡೆಗಳಿಗೇ ವಿಭಾಗವಿದೆ. ಎಲ್ಲಿಗೆ ಹೋದರೂ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

– ಇಂಥ ಎಷ್ಟು ಗಡ್ಡೆಗಳನ್ನು ನಿಮ್ಮ ತಂಡ ತೆಗೆದಿದೆ ಡಾಕ್ಟ್ರೇ?
– ಒಡೆಯದೆ ಇಡಿಯಾಗಿ ತೆಗೆಯುವ ಯೋಜನೆಯೋ, ಕೆರೆದು ತೆಗೆಯುವುದೋ? ಕೆರೆಯುವುದಾದರೆ ಏಕೆ?
– ಯಾವ ನರಗಳು ಉಳಿಯುತ್ತವೆ, ಯಾವುವು ಹೋಗುತ್ತವೆ?
– ರೇಡಿಯೇಷನ್ ಎಲ್ಲಿ, ಎಷ್ಟು ಗ್ರೇ (ರೇಡಿಯೇಷನ್ ಡೋಸಿನ ಅಳತೆ), ಆಪರೇಷನ್ ಆದ ಎಷ್ಟು ವಾರಕ್ಕೆ?
– ಮೂಳೆಗೆ ಲೋಹದ ರಾಡ್ ಹಾಕುವುದಾದರೆ ಅದು ರೇಡಿಯೇಷನ್ನಿಗೆ ಅಡ್ಡಿಯೇ?

ಅನುಭವಿ ಸರ್ಜನ್ನರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ಅದೂ ಒಂದು ಉತ್ತರವೇ. ಅಮೆರಿಕದಲ್ಲಿ 2007ರಲ್ಲಿ ಶುರುವಾದ ಕಾರ್ಡೋಮಾ ಫೌಂಡೇಶನ್ ಬೇರೆ ದೇಶದವರಿಗೂ ಹಣ ಪಡೆಯದೆ ಮಾಹಿತಿ ಕೊಡುತ್ತದೆ. ಇಂಗ್ಲಿಷಿನಲ್ಲಿ ಬರೆಯಬಲ್ಲವರು ಮನೆಯಲ್ಲೊಬ್ಬರಿದ್ದರೆ ಕೇಳಿಕೊಳ್ಳಬಹುದು.

ಆಪರೇಷನ್

ತ್ರಿಕಾಸ್ಥಿಯಲ್ಲಿ ಗುರಿ ಒಂದೇ: ಸುತ್ತ ಆರೋಗ್ಯವಾಗಿರುವ ಅಂಗಾಂಶದ ಪದರದ ಸಮೇತ, ಗಡ್ಡೆ ಒಡೆಯದ ಹಾಗೆ, ಒಂದೇ ತುಂಡಾಗಿ ಹೊರತೆಗೆಯುವುದು. ಒಳಗೆ ಒಡೆದು ಲೋಳೆ ಚೆಲ್ಲಿದರೆ ಮರಳಿ ಬರುವ ಸಾಧ್ಯತೆ ಬಹಳ ಏರುತ್ತದೆ. ಇದಕ್ಕೆ ತೆರುವ ಬೆಲೆ ನರಗಳಲ್ಲಿ. ತ್ರಿಕಾಸ್ಥಿಯಿಂದ ಹೊರಡುವ ನರಗಳಿಗೆ ಮೇಲಿನಿಂದ ಎಸ್1, ಎಸ್2, ಎಸ್3 ಎಂದು ಹೆಸರು. ಎಸ್1 ಹೋದರೆ ಪಾದ ಒತ್ತಿ ನಡೆಯುವ ಬಲ ಹೋಗುತ್ತದೆ. ಎರಡೂ ಕಡೆಯ ಎಸ್2 ಉಳಿದು ಒಂದು ಕಡೆಯದಾದರೂ ಎಸ್3 ಉಳಿದರೆ ಬಹುತೇಕರಿಗೆ ಮಲಮೂತ್ರದ ಹಿಡಿತ ಉಳಿಯುತ್ತದೆ. ಎಸ್3 ಎರಡೂ ಹೋಗಿ ಎಸ್2 ಮಾತ್ರ ಉಳಿದರೆ ಅರ್ಧಂಬರ್ಧ, ಹೇಳಲಾಗದು. ಎಸ್2 ಎರಡೂ ಹೋದರೆ ಹಿಡಿತ ಹೋಯಿತೆಂದೇ ತಿಳಿಯಬೇಕು, ಲೈಂಗಿಕ ಶಕ್ತಿಯೂ ಹಾಗೆಯೇ. ಒಂದು ಪಕ್ಕದ ನರಗಳೆಲ್ಲ ಉಳಿದು ಇನ್ನೊಂದು ಪಕ್ಕದವೆಲ್ಲ ಹೋದರೆ ಮಾತ್ರ ಕೆಲಸ ಸಾಕಷ್ಟು ನಡೆಯುತ್ತದೆ. ಇದನ್ನು ಆಪರೇಷನ್ನಿನ ಹಿಂದಿನ ರಾತ್ರಿ ಸಹಿ ಹಾಕುವಾಗ ಕೇಳಬಾರದು. ವಾರ ಮುಂಚೆ, ಗಂಡ ಹೆಂಡತಿ ಇಬ್ಬರೂ ಕೂತು ಕೇಳಿಸಿಕೊಳ್ಳಬೇಕು. ನರ ಉಳಿಸಿಕೊಂಡು ಆಪರೇಷನ್ ಬಿಟ್ಟು ಹೆಚ್ಚು ಡೋಸಿನ ರೇಡಿಯೇಷನ್ ಮಾತ್ರ ತೆಗೆದುಕೊಳ್ಳುವುದೂ ಒಂದು ದಾರಿ, ಗಡ್ಡೆ ಮೇಲಿನ ಭಾಗದಲ್ಲಿದ್ದಾಗ ಅದನ್ನು ಗಂಭೀರವಾಗಿ ಚರ್ಚಿಸುತ್ತಾರೆ.

ಇಲ್ಲಿ ಕೆಡುವುದು ಹೆಚ್ಚಾಗಿ ಗಾಯ. ಕೂರುವ ಜಾಗ, ಮಲದ್ವಾರಕ್ಕೆ ಹತ್ತಿರ, ಕೆಳಗೆ ದೊಡ್ಡ ಖಾಲಿ ಗುಂಡಿ. ಅದನ್ನು ಕುಂಡಿಯ ಅಥವಾ ಹೊಟ್ಟೆಯ ಸ್ನಾಯು ತಂದು ತುಂಬುತ್ತಾರೆ. ಪ್ಲಾಸ್ಟಿಕ್ ಸರ್ಜನ್ ಬೇಕೆಂದದ್ದು ಇದಕ್ಕೇ. ವಾರಗಟ್ಟಲೆ ಮಗ್ಗುಲಲ್ಲೋ ಬೋರಲಾಗಿಯೋ ಮಲಗಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ಅದನ್ನು ಹತೋಟಿಗೆ ತಂದೇ ಟೇಬಲ್ ಹತ್ತಬೇಕು.

ತಲೆಬುರುಡೆಯಲ್ಲಿ ಇಡಿಯಾಗಿ ತೆಗೆಯುವುದು ಬಹುತೇಕ ಅಸಾಧ್ಯ. ಮಿದುಳಕಾಂಡ, ದೊಡ್ಡ ರಕ್ತನಾಳಗಳು ಅಂಟಿಕೊಂಡಿರುತ್ತವೆ. ನರಗಳಿಗೆ ಪೆಟ್ಟಾಗದಂತೆ ಸಾಧ್ಯವಾದಷ್ಟೂ ತೆಗೆದು, ಉಳಿದದ್ದಕ್ಕೆ ರೇಡಿಯೇಷನ್. ಹೆಚ್ಚಾಗಿ ಮೂಗಿನ ಮೂಲಕವೇ ಎಂಡೋಸ್ಕೋಪಿಯಲ್ಲಿ ಮಾಡುತ್ತಾರೆ. ಇಲ್ಲಿ ಎಚ್ಚರ ಇರಬೇಕಾದದ್ದು ಮಿದುಳಿನ ನೀರಿನ ಸೋರಿಕೆಯ ಬಗ್ಗೆ. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕುವುದು, ಗಂಟಲಲ್ಲಿ ಉಪ್ಪುಪ್ಪು ರುಚಿ, ಜತೆಗೆ ಜ್ವರ ಅಥವಾ ಕುತ್ತಿಗೆ ಸೆಟೆತ ಬಂದರೆ ಮಿದುಳು ಜ್ವರ ಶುರುವಾಗಿರಬಹುದು, ಶೀತ ಎಂದು ಮನೆಯಲ್ಲಿ ಕೂರಬೇಡಿ. ಸರ್ಜನ್ ಆಗಬಹುದು ಎನ್ನುವವರೆಗೆ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಮಲವಿಸರ್ಜನೆಗೆ ತಿಣುಕಬಾರದು, ಭಾರ ಎತ್ತಬಾರದು.

ರೇಡಿಯೇಷನ್: ಡೋಸಿನ ಲೆಕ್ಕ

ಕಾರ್ಡೋಮಾ ಕಡಿಮೆ ಡೋಸಿಗೆ ಬಗ್ಗುವುದಿಲ್ಲ. 70 ಗ್ರೇಗೆ ಕಡಿಮೆಯಿಲ್ಲದೆ, ಸಾಮಾನ್ಯವಾಗಿ 70ರಿಂದ 78ರ ನಡುವೆ ಬೇಕು. ದಿನಕ್ಕೆ 1.8 ಅಥವಾ 2 ಗ್ರೇ, ವಾರಕ್ಕೆ ಐದು ದಿನ ಎಂದರೆ ಏಳೆಂಟು ವಾರ. ಪಕ್ಕದಲ್ಲೇ ಇರುವ ಬೆನ್ನುಹುರಿ, ಮಿದುಳಕಾಂಡ, ಕಣ್ಣಿನ ನರ ಸುಮಾರು 50ರಿಂದ 60 ಗ್ರೇ ಒಳಗೇ ಮಿತಿ ಮುಟ್ಟುತ್ತವೆ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಇಡೀ ಸಮಸ್ಯೆ. ಪ್ರೋಟಾನ್ ಕಿರಣ ಗುರಿ ಮುಟ್ಟಿದಲ್ಲಿ ನಿಂತುಬಿಡುತ್ತದೆ, ಆಚೆ ಹಾಯುವುದಿಲ್ಲ. ಅದಕ್ಕೇ ಇಲ್ಲಿ ಅದಕ್ಕೆ ಬೆಲೆ. ಹರಡಿದ ಕ್ಯಾನ್ಸರಿನ ನೋವಿಗೆ ಕೊಡುವ 10 ದಿನದ 30 ಗ್ರೇಯನ್ನೋ, 25 ದಿನದ 50 ಗ್ರೇಯನ್ನೋ ಇದಕ್ಕೆ ಪೂರ್ಣ ಚಿಕಿತ್ಸೆಯೆಂದು ಯಾರಾದರೂ ಬರೆದಿದ್ದರೆ, ಶುರುಮಾಡುವ ಮುನ್ನ ಎರಡನೇ ಅಭಿಪ್ರಾಯ ಪಡೆಯಿರಿ. ಒಮ್ಮೆ ಕೊಟ್ಟ ಡೋಸನ್ನು ಬೆನ್ನುಹುರಿ ಮರೆಯುವುದಿಲ್ಲ, ಆಮೇಲೆ ಸರಿಯಾದ ಡೋಸ್ ಕೊಡಲು ಜಾಗವೇ ಉಳಿದಿರುವುದಿಲ್ಲ.

ಭಾರತದಲ್ಲಿ ಪ್ರೋಟಾನ್ ಮೊದಲು ಬಂದದ್ದು 2019ರಲ್ಲಿ, ಚೆನ್ನೈನ ಅಪೋಲೋ ಕೇಂದ್ರದಲ್ಲಿ. ಟಾಟಾ ಮೆಮೋರಿಯಲ್‌ನ ಪ್ರೋಟಾನ್ ಘಟಕ ನವಿಮುಂಬೈಯ ಖಾರ್‌ಘರ್‌ನಲ್ಲಿದೆ. ಕಾರ್ಬನ್ ಅಯಾನ್ ಎಂಬ ಇನ್ನೊಂದು ಬಗೆ ಜಪಾನ್, ಜರ್ಮನಿ, ಇಟಲಿ, ಆಸ್ಟ್ರಿಯಾಗಳಲ್ಲಿ ಸಿಗುತ್ತದೆ. ಜಪಾನಿನಲ್ಲಿ ತ್ರಿಕಾಸ್ಥಿಗೆ 16 ಸಲದಲ್ಲಿ ಮುಗಿಸುತ್ತಾರೆ. ಪ್ರೋಟಾನ್ ಕೈಗೆಟುಕದಿದ್ದರೆ ಎಕ್ಸ್‌ರೇ ಕಿರಣವನ್ನೇ ಗಡ್ಡೆಗೆ ನಿಖರವಾಗಿ ಗುರಿಯಿಡುವ ಐಎಂಆರ್‌ಟಿ ಅಥವಾ ಸ್ಟೀರಿಯೋಟ್ಯಾಕ್ಟಿಕ್ ರೇಡಿಯೇಷನ್ನಿನಲ್ಲೂ ಕೆಲವು ಗಡ್ಡೆಗಳಿಗೆ ಬೇಕಾದಷ್ಟು ಡೋಸ್ ಮುಟ್ಟಿಸಬಹುದು. ಸಿಗಲಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ.

ಬೆನ್ನಿಗೆ ಹಾಕಿದ ಟೈಟಾನಿಯಂ ರಾಡ್ ಸಿಟಿ ಚಿತ್ರದಲ್ಲಿ ಗೆರೆಗೆರೆಯಾಗಿ ಮಸುಕು ಮಾಡಿ ಪ್ರೋಟಾನಿನ ಲೆಕ್ಕವನ್ನೇ ಕೆಡಿಸುತ್ತದೆ. ಕಾರ್ಬನ್ ಫೈಬರಿನ ರಾಡ್ ಇದ್ದರೆ ಈ ತಾಪತ್ರಯ ಕಡಿಮೆ. ಸರ್ಜನ್ ಮತ್ತು ರೇಡಿಯೇಷನ್ ವೈದ್ಯರು ಮೊದಲೇ ಮಾತಾಡಿಕೊಂಡಿರಬೇಕೆಂಬ ಒತ್ತಾಯ ಇದಕ್ಕೇ.

ಔಷಧಿ

ಸಾಂಪ್ರದಾಯಿಕ ಬಗೆಗೆ ಮಾಮೂಲಿ ಕೀಮೋ ಕೆಲಸ ಮಾಡುವುದಿಲ್ಲ. ಕೀಮೋ ಕೊಡಲಿಲ್ಲ ಎಂದು ಆಸ್ಪತ್ರೆ ಬದಲಿಸಬೇಡಿ. ಇಮ್ಯಾಟಿನಿಬ್‌ನಂಥ ಮಾತ್ರೆಗಳನ್ನು ಗಡ್ಡೆ ಮರಳಿ ಬಂದು ಬೇರೆ ದಾರಿ ಇಲ್ಲದಾಗ ಪ್ರಯತ್ನಿಸುತ್ತಾರೆ. ಕುಗ್ಗುವುದು ಅಪರೂಪ, ಇದ್ದಷ್ಟೇ ಇರುವಂತೆ ಕೆಲಕಾಲ ತಡೆಯಬಹುದು. ವೇಗವಾಗಿ ಬೆಳೆಯುವ ಎರಡು ಬಗೆಗಳಲ್ಲಿ ಕೀಮೋಗೆ ಪಾತ್ರವಿದೆ.

ಆಮೇಲಿನ 15 ವರ್ಷ

ಐದು ವರ್ಷ ದಾಟಿದರೆ ಗೆದ್ದಂತೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1973ರಿಂದ 1995ರವರೆಗಿನ ಅಮೆರಿಕದ ದಾಖಲೆಯಲ್ಲಿ ಐದು ವರ್ಷಕ್ಕೆ ಬದುಕಿದ್ದವರು ಸುಮಾರು 68 ಶೇಕಡ, ಹತ್ತು ವರ್ಷಕ್ಕೆ ಸುಮಾರು 40. ಅದು ಪ್ರೋಟಾನ್, ಎಂಡೋಸ್ಕೋಪಿ ವ್ಯಾಪಕವಾಗಿ ಬಳಕೆಗೆ ಬರುವ ಮುಂಚಿನ ಕಾಲ. ಇವತ್ತು ಸರಿಯಾಗಿ ಚಿಕಿತ್ಸೆಯಾದವರ ಲೆಕ್ಕ ಅದಕ್ಕಿಂತ ಉತ್ತಮ. ಆದರೆ ನಿಧಾನವಾಗಿ ಬೆಳೆಯುವುದು ನಿಧಾನವಾಗಿಯೇ ಮರಳಿ ಬರುತ್ತದೆ. ಆ ಜಾಗದ ಎಂಆರ್‌ಐ ಮೊದಲ ನಾಲ್ಕೈದು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಒಟ್ಟು 15 ವರ್ಷಕ್ಕೆ ಕಡಿಮೆಯಿಲ್ಲದಂತೆ ಆಗಬೇಕು. ಶ್ವಾಸಕೋಶ, ಯಕೃತ್ತು, ಬೇರೆ ಮೂಳೆಗಳಿಗೆ ಹರಡುವುದರಿಂದ ಎದೆಯ ಸಿಟಿಯೂ ಕಾಲಕಾಲಕ್ಕೆ. ಸಾಧ್ಯವಾದರೆ ಪ್ರತಿ ಸಲ ಒಂದೇ ಕೇಂದ್ರದಲ್ಲಿ ಮಾಡಿಸಿ, ಹಳೆಯ ಸಿಡಿ ಕೈಯಲ್ಲಿರಲಿ. ಎರಡು ಮಿಲಿಮೀಟರ್ ಬೆಳವಣಿಗೆ ಹಳೆಯದರ ಪಕ್ಕ ಇಟ್ಟರೆ ಮಾತ್ರ ಕಾಣುತ್ತದೆ. ಕಲೆಯ ಸುತ್ತ ಚರ್ಮದಡಿ ಹೊಸ ಗಂಟು ಬೆರಳಿಗೆ ಸಿಕ್ಕಿದರೆ ಮುಂದಿನ ತಾರೀಖಿನವರೆಗೆ ಕಾಯದೆ ತೋರಿಸಿ.

ತಲೆಬುರುಡೆಗೆ ರೇಡಿಯೇಷನ್ ಆದವರಲ್ಲಿ ಪಿಟ್ಯುಟರಿ ಗ್ರಂಥಿ (ಮಿದುಳಿನ ಬುಡದಲ್ಲಿದ್ದು ಹಾರ್ಮೋನುಗಳನ್ನು ನಡೆಸುವ ಗ್ರಂಥಿ) ವರ್ಷಗಳ ನಂತರ ಸೊರಗಬಹುದು. ಕಾರಣವಿಲ್ಲದ ಸುಸ್ತು, ಚಳಿ ತಡೆಯದಿರುವುದು, ಮುಟ್ಟು ನಿಲ್ಲುವುದು, ತಲೆ ಸುತ್ತಿ ಬೀಳುವುದು, ಇವನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ವರ್ಷಕ್ಕೊಮ್ಮೆ ಬೆಳಗಿನ ಕಾರ್ಟಿಸಾಲ್, ಥೈರಾಯ್ಡಿನ ಟಿಎಸ್‌ಎಚ್ ಮತ್ತು ಟಿ4 ಎರಡೂ, ಲೈಂಗಿಕ ಹಾರ್ಮೋನು ಮಾಡಿಸಿ. ಪಿಟ್ಯುಟರಿಯೇ ಕೆಟ್ಟಾಗ ಟಿಎಸ್‌ಎಚ್ ಒಂದನ್ನೇ ನೋಡಿದರೆ ಅದು ಮಾಮೂಲಾಗಿಯೇ ಕಂಡು ಮೋಸ ಮಾಡುತ್ತದೆ. ಕಣ್ಣು, ಕಿವಿ ಪರೀಕ್ಷೆಯೂ ಜತೆಗೆ.

ಮೂತ್ರದ ನರ ಹೋದವರಿಗೆ ಸ್ವತಃ ತೂರಿಸಿಕೊಳ್ಳುವ ಕ್ಯಾಥೆಟರ್ ಕಲಿಸುತ್ತಾರೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಖಾಲಿ ಮಾಡಬೇಕು, ಮೂತ್ರಕೋಶದಲ್ಲಿ 400ರಿಂದ 500 ಮಿಲಿಲೀಟರ್ ದಾಟಲು ಬಿಡಬಾರದು. ತುಂಬಿ ನಿಂತ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿಯನ್ನು ಕೆಡಿಸುತ್ತದೆ. ಖಾಲಿ ಮಾಡುವುದು ತಪ್ಪುತ್ತದೆಂದು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಅದರಿಂದ ಸೋಂಕು, ಕಲ್ಲು. ಮಲಕ್ಕೆ ದಿನವೂ ಒಂದೇ ಹೊತ್ತು, ಊಟವಾಗಿ ಅರ್ಧ ಗಂಟೆಗೆ, ಬೇಕಾದರೆ ಸಪೊಸಿಟರಿ (ಗುದದಲ್ಲಿ ಇಡುವ ಔಷಧಿ) ಇಟ್ಟು ಕೂರುವ ಅಭ್ಯಾಸ ಮಾಡಿಕೊಂಡರೆ ಹೆಚ್ಚಿನವರು ಮದುವೆ ಮನೆಗೂ ಧೈರ್ಯವಾಗಿ ಹೋಗುವಂತಾಗುತ್ತಾರೆ.

ಹಣ, ಕಾಗದ, ಪ್ರಯಾಣ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡ, 1.5 ಲಕ್ಷ ಮೀರದಂತೆ ಸಿಗುತ್ತದೆ. ನಿಮಗೆ ಹೇಳಿದ ಆಪರೇಷನ್ ಯಾವ ಪ್ಯಾಕೇಜಿನಡಿ ಬರುತ್ತದೆ, ಪೂರ್ವಾನುಮತಿ ಬೇಕೇ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ದಾಖಲಾಗುವ ಮುಂಚೆಯೇ ಕೇಳಿ, ಆಮೇಲೆ ಕೇಳಿದರೆ ಬಿಲ್ ಕೈಯಿಂದಲೇ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೂ ಅರ್ಜಿ ಹಾಕಲು ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ ಬೇಕು. ಅದರಲ್ಲಿ ರೋಗದ ಹೆಸರು, ಚಿಕಿತ್ಸೆ, ಮೊತ್ತ, ವೈದ್ಯರ ಸಹಿ, ಮೊಹರು ಎಲ್ಲವೂ ಇರಲಿ. ಪ್ರೋಟಾನಿಗೆ ಚೆನ್ನೈ ಅಥವಾ ಮುಂಬೈಗೆ ಹೋಗುವುದಾದರೆ ಏಳೆಂಟು ವಾರದ ಬಾಡಿಗೆ ಮನೆ, ಜತೆಗಿರುವವರ ಸಂಬಳ ಕಡಿತವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜತೆಗಾರರೊಬ್ಬರಿಗೆ 75 ಶೇಕಡ ರಿಯಾಯಿತಿ ಇದೆ. ಅದಕ್ಕೆ ರೈಲ್ವೆಯ ನಮೂನೆಯಲ್ಲೇ ಆಸ್ಪತ್ರೆ ಪ್ರಮಾಣಪತ್ರ ಬರೆದುಕೊಡಬೇಕು. ರೇಡಿಯೇಷನ್ ಮುಗಿಸಿ ಊರಿಗೆ ಹೊರಡುವ ದಿನ ಡಿಸ್ಚಾರ್ಜ್ ಸಮ್ಮರಿಯ ಜತೆ ರೇಡಿಯೇಷನ್ ಪ್ಲಾನಿನ ಡೈಕಾಮ್ ಪ್ರತಿಯನ್ನೂ ಪಡೆಯಿರಿ. ಗಡ್ಡೆ ಮರಳಿ ಬಂದರೆ ಬೆನ್ನುಹುರಿಯ ಯಾವ ಬಿಂದುವಿಗೆ ಎಷ್ಟು ಗ್ರೇ ಹೋಗಿದೆ ಎಂಬುದು ಅದರಲ್ಲಿ ಮಾತ್ರ ಇರುತ್ತದೆ.